ಬೆನ್ನು ತಿರುಗಿದ ಮೇಲಿನ ಮಾತು

"ಒಂದಿನ ಮನೆಗೆ ಬನ್ನಿ. ಕಾಫಿ ಮಾಡ್ಕೊಡ್ತೀನಿ" ಎಂದು ಅವನು ಹೇಳಿದಾಗ ಅವಳು ನಕ್ಕುಬಿಟ್ಟಳು.

ಕೆಟ್ಟ ನಗುವೇನಲ್ಲ. "ಆಯ್ತಾಯ್ತು, ಬರೋಣ" ಎಂದು, ಬಾಗಿಲಿಗೆ ಬಂದ ಸೇಲ್ಸ್‌ನವರನ್ನು ನಯವಾಗಿ ಸಾಗಹಾಕುವ ಧಾಟಿಯಲ್ಲಿ ಹೇಳಿ, ಮತ್ತೆ ಕೈಯಲ್ಲಿದ್ದ ಹಾಳೆಗಳೊಳಗೆ ತಲೆ ಹುದುಗಿಸಿದಳು. ಅವನು ನಿಂತಿದ್ದದ್ದು ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ. ಆಮೇಲೆ ಮೈಕಿಗೆ ಟಿಕ್ ಟಿಕ್ ಕೇಳಬಾರದೆಂದು ಬಿಚ್ಚಿಟ್ಟಿದ್ದ ಕೈಗಡಿಯಾರವನ್ನು ಕಟ್ಟಿಕೊಂಡು, "ಬರ್ತೀನಿ" ಎಂದು ಹೊರಟ. ಹೊರಡುವವರೆಲ್ಲ ಹೇಳುವ ಮಾತು ತಾನೆ ಅದು. ಅವಳು ತಲೆ ಎತ್ತದೆಯೇ "ಹೂಂ" ಎಂದಳು.

ಮೂಲೆಯಲ್ಲಿ ವಯರು ಸುತ್ತುತ್ತಿದ್ದ ಸೌಂಡಣ್ಣ ಇದನ್ನೆಲ್ಲ ನೋಡುತ್ತಿದ್ದ. ಅವನು ಆ ಸ್ಟುಡಿಯೋದ ಇಂಜಿನಿಯರು, ತಲೆ ಬೋಳು, ಬಾಯಿ ಬಿಚ್ಚು. ಆ ಹುಡುಗ ಸುಮ್ಮನೆ ಬಾಯಿಮಾತಿಗೆ ಹೇಳುವವನಲ್ಲ ತಾಯಿ, ಎಂದ. ಎಲ್ಲರೂ ಹೇಳುವುದು ಬಾಯಿಮಾತಿಗೇ ಅಣ್ಣ, ಅದನ್ನು ತಿಳಿಯುವುದೇ ನನ್ನ ಹೊಟ್ಟೆಪಾಡು, ಎಂದಳು ಅವಳು. ಸೌಂಡಣ್ಣ ಕೈ ಚೆಲ್ಲಿದ.

ಅವಳ ಹೊಟ್ಟೆಪಾಡು ನಿಜವಾಗಿಯೂ ಅದೇ ಆಗಿತ್ತು. ಪೀಠೋಪಕರಣದ ಅಂಗಡಿಯೊಂದರ ಕೆಳಗಿನ ನೆಲಮಾಳಿಗೆಯಲ್ಲಿ ಆ ಡಬ್ಬಿಂಗ್ ಸ್ಟುಡಿಯೋ. ಮೇಲೆ ಯಾರಾದರೂ ಮಂಚ ಎಳೆದರೆ ಕೆಳಗೆ ಪ್ರೇಮನಿವೇದನೆ ಕೆಟ್ಟುಹೋಗುತ್ತಿತ್ತು. ಇಂಗ್ಲಿಷ್ ಧಾರಾವಾಹಿಗಳು ಅಲ್ಲಿ ಕನ್ನಡವಾಗುತ್ತಿದ್ದವು, ಕನ್ನಡ ಮಾಡುವವಳು ಇವಳು. ಅವಳಿಗೆ ಮುಂಚೆ ಇದ್ದ ಮಹಾನುಭಾವರು ನಿಘಂಟು ನೋಡಿಕೊಂಡು ಬರೆಯುತ್ತಿದ್ದರಂತೆ. ಮನೆಗೆ ಬಂದ ಅತಿಥಿಗೆ ಇಂಗ್ಲಿಷಿನ ಗೃಹಿಣಿ "ವೈ ಡೋಂಟ್ ಯು ಸಿಟ್ ಡೌನ್" ಎಂದರೆ, ಕನ್ನಡದಲ್ಲಿ ಆಕೆ "ನೀವು ಯಾಕೆ ಕೂರುವುದಿಲ್ಲ?" ಎಂದು ಗದರಿಸುತ್ತಿದ್ದಳು. ಉಡುಗೊರೆ ತಂದವನಿಗೆ "ಯು ಶುಡ್‌ನ್ಟ್ ಹ್ಯಾವ್" ಎಂದು ಆಕೆ ನಾಚಿಕೊಂಡರೆ, ಕನ್ನಡದಲ್ಲಿ "ನೀನು ಹೀಗೆ ಮಾಡಬಾರದಿತ್ತು" ಎಂದು ತೀರ್ಪು ಕೊಡುತ್ತಿದ್ದಳು. ಒಬ್ಬ ತನ್ನ ಹೆಂಡತಿಯ ಕಾಟ ಹೇಳಿಕೊಂಡಾಗ ಇನ್ನೊಬ್ಬ "ಟೆಲ್ ಮಿ ಅಬೌಟ್ ಇಟ್" ಎಂದನಂತೆ. ಕನ್ನಡದ ಪುಣ್ಯಾತ್ಮ "ಅದರ ಬಗ್ಗೆ ನನಗೆ ಹೇಳು" ಎಂದ. ಈಗ ತಾನೇ ಹೇಳಿದನಲ್ಲಪ್ಪ, ಕಿವಿ ಎಲ್ಲಿಟ್ಟಿದ್ದೆ ಎಂದು ಜನ ನಕ್ಕರು.

ಅವಳು ಬಂದ ಮೇಲೆ ಆ ಗೃಹಿಣಿ "ಕೂತ್ಕೊಳ್ಳಿ ಬನ್ನಿ" ಎಂದಳು. "ಇದೆಲ್ಲ ಯಾಕೆ ತರೋಕೆ ಹೋದ್ರಿ" ಎಂದಳು. ಹೆಂಡತಿ ಕಾಟದವನ ಗೆಳೆಯ "ನನ್ನ ಕಥೆನೂ ಅದೇ ಕಣಪ್ಪ" ಎಂದು ನಿಟ್ಟುಸಿರಿಟ್ಟ.

ಈ ವಿದ್ಯೆ ಅವಳಿಗೆ ಸುಮ್ಮನೆ ಬಂದದ್ದಲ್ಲ, ಅವಮಾನ ಉಂಡು ಕಲಿತದ್ದು. ಮೊದಲ ಕೆಲಸದಲ್ಲಿ, ವಿದೇಶದಿಂದ ಬಂದ ಮೇಲಧಿಕಾರಿಯ ಹೆಂಡತಿ ಒಮ್ಮೆ "ನೀನೊಂದು ಸಲ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದ್ದಳು. ಎಳೆಯ ವಯಸ್ಸು, ಹೊಸ ಕೆಲಸ. ಯಾವತ್ತು ಬರಲಿ ಎಂದು ಇವಳು ಎಲ್ಲರೆದುರಿಗೇ ಕೇಳಿದಳು. ಆಕೆ ತಬ್ಬಿಬ್ಬಾಗಿ, ಯಾವತ್ತಾದರೂ, ಭಾನುವಾರವಾದರೂ ಸರಿ ಎಂದಳು. ಭಾನುವಾರ ಸಂಜೆ ಇವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕಿತ್ತಳೆ ಹಣ್ಣಿನ ಚೀಲ ಹಿಡಿದು ಆ ಬಾಗಿಲು ತಟ್ಟಿದಳು. ಬಾಗಿಲು ತೆರೆದವಳು ರಾತ್ರಿಯುಡುಪಿನಲ್ಲಿದ್ದಳು, ಮುಖಕ್ಕೆ ಏನೋ ಬಳಿದುಕೊಂಡಿದ್ದಳು. ಒಳಗಿನಿಂದ ಗಂಡ ಯಾರದು ಎಂದು ಕೇಳಿದ. ಬಾಯಿಮಾತಿಗೆ ಕರೆದರೆ ಬಂದೇಬಿಟ್ಟಿದ್ದಾಳೆ ಎಂದು ಆಕೆ ಹೇಳಿದ್ದು ಇವಳಿಗೆ ಅರ್ಥವಾಯಿತು, ಆಮೇಲೆ ಕೇಳಿಸಿದ ಅವನ ನಗುವೂ ಅರ್ಥವಾಯಿತು.

ಅಂದಿನಿಂದ ಅವಳು ಯಾರ ಮಾತನ್ನೂ ಹಾಗೆಹಾಗೇ ನಂಬಲಿಲ್ಲ. ಅದರಲ್ಲೇ ಪಳಗಿದಳು, ಅದರಿಂದಲೇ ಅನ್ನ ದುಡಿದಳು. ಒಂದು ದಿನ ಚಹಾದ ಹೊತ್ತಿನಲ್ಲಿ ಈ ಕಥೆಯನ್ನು ತಮಾಷೆಯಾಗಿ ಸ್ಟುಡಿಯೋದಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೊಬ್ಬ ನಗಲಿಲ್ಲ.

"ಹಣ್ಣು ಏನ್ಮಾಡಿದ್ರಿ?" ಎಂದು ಕೇಳಿದ.

ಅದುವರೆಗೂ ಯಾರೂ ಕೇಳಿರಲಿಲ್ಲ. ಬಸ್‌ಸ್ಟಾಪಿನಲ್ಲಿ ಕೂತು ಅಷ್ಟನ್ನೂ ಸುಲಿದು ತಿಂದೆ ಎಂದು ಹೇಳಿ ಅವಳು ಚಹಾದ ಲೋಟ ತೊಳೆಯಲು ಎದ್ದಳು.

ಅವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಗಂಟ್ಲು ಎಂದೇ ಕರೆಯುತ್ತಿದ್ದರು. ಕಂಠದಾನ ಕಲಾವಿದ ಎನ್ನುವಷ್ಟು ವ್ಯವಧಾನ ಯಾರಿಗಿದೆ. ನೋಡಲು ಸಾಧಾರಣ ಆಳು, ಕಿವಿ ಸ್ವಲ್ಪ ಅಗಲ. ಸರಬರ ಸದ್ದಾಗುತ್ತದೆಂದು ಗಂಜಿ ಹಾಕಿದ ಅಂಗಿ ತೊಡುತ್ತಿರಲಿಲ್ಲ, ಯಾವಾಗಲೂ ಮೆತ್ತಗಿನ ಹಳೆಯ ಅಂಗಿಗಳು. ಹೊಟ್ಟೆ ಗುರ್ ಎಂದರೂ ಮೈಕು ಬಿಡುವುದಿಲ್ಲವಲ್ಲ, ಒಳಗೆ ಹೋಗುವ ಮುಂಚೆ ಒಂದು ಬಾಳೆಹಣ್ಣು ತಿನ್ನುತ್ತಿದ್ದ. ಆದರೆ ಬಾಯಿ ತೆರೆದನೆಂದರೆ ಮುಗಿಯಿತು. ಆ ದನಿ ಕೇಳಿದರೆ ಸಾಲ ಕೊಡದವನೂ ಸಾಲ ಕೊಟ್ಟಾನು ಎಂದು ಸೌಂಡಣ್ಣ ಹೇಳುತ್ತಿದ್ದ.

ಡಬ್ಬಿಂಗ್‌ನಲ್ಲಿ ಪ್ರೇಮಿಗಳು ಒಂದೇ ಕೋಣೆಯಲ್ಲಿ ಪ್ರೀತಿಸುವುದಿಲ್ಲ. ಆ ವರ್ಷ ನಡೆಯುತ್ತಿದ್ದದ್ದು ಒಂದು ದ್ವೀಪದ ಕಥೆ. ಅಲ್ಲಿಗೆ ಬಂದ ಡಾಕ್ಟರು, ಅಲ್ಲೇ ಹುಟ್ಟಿ ದೋಣಿ ರಿಪೇರಿ ಮಾಡುವ ಹೆಂಗಸು. ಡಾಕ್ಟರಿಗೆ ಇವನ ದನಿ. ದೋಣಿಯವಳಿಗೆ ದನಿ ಕೊಡುವ ಕಲಾವಿದೆ ದೊಡ್ಡ ಹೆಸರಿನವರು, ಶನಿವಾರ ಮಾತ್ರ ಬರುತ್ತಿದ್ದರು. ವಾರದ ದಿನಗಳಲ್ಲಿ ಇವನು ಯಾರಿಗೆ ಉತ್ತರ ಕೊಡಬೇಕು? ಬರಿಯ ಗೋಡೆಗೆ ಪ್ರೀತಿಯ ಮಾತಾಡಿದರೆ ದನಿ ಒಣಗುತ್ತದೆ. ಅದಕ್ಕೇ ಸಾಲು ಬರೆದವಳೇ ಗಾಜಿನ ಈಚೆ ಇನ್ನೊಂದು ಮೈಕಿನಲ್ಲಿ ದೋಣಿಯವಳ ಮಾತುಗಳನ್ನು ಓದಬೇಕು. ಅದಕ್ಕೆ ಗೈಡ್ ಎನ್ನುತ್ತಾರೆ. ಶನಿವಾರ ದೊಡ್ಡ ಕಲಾವಿದೆ ಬಂದು ತಮ್ಮ ದನಿ ಕೊಟ್ಟ ಮೇಲೆ ಸೌಂಡಣ್ಣ ಸ್ಕ್ರಿಪ್ಟ್ ಮುಂದಿಟ್ಟುಕೊಂಡು, ಒಂದೊಂದೇ ಸಾಲು ಗುರುತು ಹಾಕಿ, ಗೈಡ್ ಅಳಿಸಿಬಿಡುತ್ತಿದ್ದ.

ಹೀಗೆ ವಾರವೆಲ್ಲ ಅವಳು ಅವನಿಗೆ ಏನೇನೋ ಹೇಳಿದಳು. ಮುನಿಸಿಕೊಂಡಳು, ಕಾದಳು, ಕಾದಿಲ್ಲವೆಂದು ಸುಳ್ಳು ಹೇಳಿದಳು. ಅವನು ಗಾಜಿನ ಆಚೆಯಿಂದ ಅವಳ ತುಟಿಯನ್ನೇ ನೋಡುತ್ತ ಉತ್ತರ ಕೊಡುತ್ತಿದ್ದ. ಪರದೆ ನೋಡಪ್ಪ, ಡಾಕ್ಟರ ಬಾಯಿ ಅಲ್ಲಿದೆ, ಎಂದು ಸೌಂಡಣ್ಣ ಗೊಣಗುತ್ತಿದ್ದ. ಅವನು ಪಾಪದ ಮುಖ ಮಾಡಿ ಪರದೆಯತ್ತ ತಿರುಗುತ್ತಿದ್ದ. ತಿರುಗುವಾಗ ಒಂದು ಕಿರುನಗೆ ಮಾತ್ರ ಈ ಕಡೆಗೇ ಉಳಿಯುತ್ತಿತ್ತು. ಅವಳಿಗೆ ಹೆಡ್‌ಫೋನಿನೊಳಗೆ ಕಿವಿ ಬಿಸಿಯಾಗುತ್ತಿತ್ತು. ಶನಿವಾರ ಬಂದರೆ ಎಲ್ಲ ಮಾತೂ ಅಳಿಸಿಹೋಗುತ್ತಿತ್ತು. ಸೋಮವಾರ ಮತ್ತೆ ಮೊದಲಿನಿಂದ.

ಪ್ರತಿ ಸಾಲಿಗೂ ಮುಂಚೆ ಅವನು ಒಂದು ಪ್ರಶ್ನೆ ಕೇಳುತ್ತಿದ್ದ: "ಇವನು ನಿಜವಾಗ್ಲೂ ಏನು ಹೇಳ್ತಿದಾನೆ?"

ಡಾಕ್ಟರು ಹವೆಯ ಬಗ್ಗೆ ಮಾತಾಡುತ್ತಿದ್ದಾನೆ ಅಷ್ಟೇ, ಆದರೆ ದೋಣಿಯವಳು ಚಳಿಯಲ್ಲಿ ನಿಂತಿರುವುದು ಅವನಿಗೆ ಸಂಕಟ, ಎಂದು ಅವಳು ಬಿಡಿಸಿ ಹೇಳುತ್ತಿದ್ದಳು. ಅವನು ತಲೆಯಾಡಿಸಿ ಹವೆಯ ಮಾತನ್ನೇ ಆಡುತ್ತಿದ್ದ, ಕೇಳಿದವರಿಗೆ ಸಂಕಟವಾಗುತ್ತಿತ್ತು. ಎಲ್ಲರ ಮಾತಿನ ಒಳಗನ್ನೂ ಬಗೆದು ಹೇಳಬಲ್ಲವಳಿಗೆ ತನ್ನ ಒಳಗನ್ನು ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಅವನಾದರೋ ಬೇರೆಯವರ ಮಾತಾಡಿ ಬದುಕುವವನು, ತನ್ನ ಮಾತನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಆಡುತ್ತಿದ್ದ. ಬೇರೆಯವರ ಮಾತನ್ನೂ ಇದ್ದ ಹಾಗೇ ನಂಬುತ್ತಿದ್ದ. ಕಾಫಿಗೆ ಬನ್ನಿ ಎಂದವನಿಗೆ ಅವಳು ಬರೋಣ ಎಂದಿದ್ದಳಲ್ಲ, ಆಮೇಲೆ ಎಷ್ಟೋ ದಿನ ಅವನು ಮನೆಯಲ್ಲಿ ಒಳ್ಳೆಯ ಕಾಫಿಪುಡಿ ತಂದಿಟ್ಟುಕೊಂಡಿದ್ದ. ಅದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಧಾರಾವಾಹಿ ಮುಗಿಯುವುದಕ್ಕೆ ಬಂತು. ಕೊನೆಯ ವಾರ ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಅವಳ ಮೇಜಿನ ಮುಂದೆ ನಿಂತ. ದೂರದ ಊರಿನಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಯೊಂದಿದೆ, ಅವರ ಪಠ್ಯಪುಸ್ತಕಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿಕೊಡಲು ಕರೆದಿದ್ದಾರೆ ಎಂದ. ಪಾಠದ ಜೊತೆಜೊತೆಗೇ ಓದಬೇಕು, ಶಾಲೆಯ ವರ್ಷ ಪೂರ್ತಿ ಅಲ್ಲೇ ಇರಬೇಕು. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕು.

"ಹೋಗ್ಲಾ?" ಎಂದು ಕೇಳಿದ.

ಬೇಡ ಎಂಬ ಮಾತು ಅವಳ ಎದೆಯಿಂದ ಎದ್ದು ಗಂಟಲವರೆಗೂ ಬಂತು. ಬಾಯಿಂದ ಹೊರಬಿದ್ದದ್ದು ಬೇರೆಯೇ. "ಪುಣ್ಯದ ಕೆಲಸ. ಕೈ ಬಿಡಬೇಡಿ."

"ಹೌದಾ?"

"ಹೌದು ಮತ್ತೆ."

ಅವನು ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದ. ಈ ಮನುಷ್ಯನಿಗೆ ಒಂದು ಸಲವಾದರೂ ನನ್ನ ಮಾತಿನ ಒಳಗು ತಿಳಿಯಬಾರದೇ ಎಂದು ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ಗುರುವಾರ ಕೊನೆಯ ದೃಶ್ಯ. ಡಾಕ್ಟರು ದ್ವೀಪ ಬಿಟ್ಟು ಹೊರಟಿದ್ದಾನೆ. ದೋಣಿಯವಳು ಕಟ್ಟೆಯ ಮೇಲೆ, ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತು, "ಡೋಂಟ್ ಬಿ ಎ ಸ್ಟ್ರೇಂಜರ್" ಎನ್ನುತ್ತಾಳೆ. ಹಿಂದಿನ ಮಹಾನುಭಾವರಾಗಿದ್ದರೆ "ಅಪರಿಚಿತನಾಗಬೇಡ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅವಳು "ಆಗಾಗ ಬರ್ತಾ ಇರು" ಎಂದು ಬರೆದಿದ್ದಳು. ಪರದೆಯ ಮೇಲೆ ಅಲುಗುವ ತುಟಿಗೂ ಅದು ಕೂಡುತ್ತಿತ್ತು. ಅಷ್ಟು ಹೇಳಿ ದೋಣಿಯವಳು ಬೆನ್ನು ತಿರುಗಿಸಿ ನಡೆಯುತ್ತಾಳೆ. ಡಾಕ್ಟರಿಗೆ ಮಾತಿಲ್ಲ, ಒಂದು ನಿಟ್ಟುಸಿರು ಅಷ್ಟೇ. ಕಥೆ ಮುಗಿಯಿತು.

ಅವನು ಗಾಜಿನ ಆಚೆಯಿಂದ ಕೇಳಿದ: "ಅವಳು ನಿಜವಾಗ್ಲೂ ಏನು ಹೇಳ್ತಿದಾಳೆ?"

"ಹೋಗ್ಬೇಡ ಅಂತ."

"ಮತ್ತೆ ಹಾಗೇ ಯಾಕೆ ಹೇಳಲ್ಲ?"

"ಹೇಳಿದ ಮೇಲೂ ಅವನು ಹೋಗ್ಬಿಟ್ರೆ? ಅದಕ್ಕೆ."

ಅವನು ಹೆಡ್‌ಫೋನ್ ಸರಿಮಾಡಿಕೊಂಡ. ಕೆಂಪು ದೀಪ ಹತ್ತಿತು. ಅವಳು ಮೈಕಿಗೆ ಬಾಯಿ ಕೊಟ್ಟು, "ಆಗಾಗ ಬರ್ತಾ ಇರು" ಎಂದಳು. ಪರದೆಯ ಮೇಲೆ ದೋಣಿಯವಳು ತಿರುಗಿದಳು. ಈಗ ಬೆನ್ನು ಮಾತ್ರ ಕಾಣುತ್ತಿದೆ. ಬೆನ್ನು ತಿರುಗಿದರೆ ತುಟಿಯ ಹಂಗಿಲ್ಲ, ಯಾವ ಮಾತು ಇಟ್ಟರೂ ಕೂರುತ್ತದೆ ಎಂಬುದು ಈ ಕಸುಬಿನ ಮೊದಲ ಪಾಠ. ಆ ಬೆನ್ನನ್ನೇ ನೋಡುತ್ತಿದ್ದ ಅವಳ ಬಾಯಿಂದ, ಹಾಳೆಯಲ್ಲಿಲ್ಲದ ಮಾತು ಹೊರಗೆ ಬಂತು.

"ಹೋಗ್ಬೇಡ."

ಆಚೆಯಿಂದ ನಿಟ್ಟುಸಿರು ಬರಲಿಲ್ಲ. ಅವನು ಉಸಿರು ಕಟ್ಟಿ ನಿಂತಿದ್ದ. "ಉಸಿರು ಬಿಡಪ್ಪ" ಎಂದ ಸೌಂಡಣ್ಣ. "ಅದಕ್ಕೇ ತಾನೆ ನಿನ್ನ ಕರೆಸಿದ್ದು." ಕೊನೆಗೆ ಅವನು ಉಸಿರು ಬಿಟ್ಟ. ಅಂಥ ನಿಟ್ಟುಸಿರು ಸೌಂಡಣ್ಣನ ಸರ್ವಿಸಿನಲ್ಲೇ ಸಿಕ್ಕಿರಲಿಲ್ಲವಂತೆ.

ಹೊರಗೆ ಬಂದವನು ಗಡಿಯಾರ ಕಟ್ಟಿಕೊಳ್ಳುವುದನ್ನು ಮರೆತು ಅವಳ ಮುಂದೆ ನಿಂತ. ಕೊನೆಯಲ್ಲಿ ಒಂದು ಮಾತು ಸೇರಿಸಿದಿರಿ, ಎಂದ. ಹೌದು, ನಿಮಗೇ ಹೇಳಿದ್ದು ಎಂದು ಅವಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿರಲಿಲ್ಲ. ಅವಳ ಕಣ್ಣಿಗೆ ಮಾತ್ರ ಆ ಹಳೆಯ ಬಾಗಿಲು, ಮುಖಕ್ಕೆ ಬಳಿದುಕೊಂಡ ಹೆಂಗಸು, ಒಳಗಿನ ನಗು.

"ಗೈಡ್ ತಾನೆ" ಎಂದಳು. "ಶನಿವಾರ ಅಳಿಸಿಹೋಗುತ್ತೆ ಬಿಡಿ."

ಅವನು ಅವಳ ಮುಖದಲ್ಲಿ ಒಂದು ಗಳಿಗೆ ಏನನ್ನೋ ಹುಡುಕಿದ. ಆಮೇಲೆ ಎಂದಿನಂತೆ "ಬರ್ತೀನಿ" ಎಂದು ಮೆಟ್ಟಿಲು ಹತ್ತಿದ. ಮಾರನೆಯ ದಿನ ಶಾಲೆಗೆ ಒಪ್ಪಿಗೆ ತಿಳಿಸಿದನೆಂದು, ಸೋಮವಾರ ಸಂಜೆ ಬಸ್ಸೆಂದು ಸೌಂಡಣ್ಣನ ಬಾಯಿಂದ ತಿಳಿಯಿತು.

ಭಾನುವಾರ ಸಂಜೆ ಕೊನೆಯ ಕಂತು. ಅವಳು ನೋಡುವುದೇ ಬೇಡ ಎಂದಿದ್ದಳು, ಅಮ್ಮ ಬಿಡಲಿಲ್ಲ. ಅಮ್ಮನಿಗೆ ಡಾಕ್ಟರೆಂದರೆ ಪ್ರಾಣ. ತೊಡೆಯ ಮೇಲೆ ಸೊಪ್ಪು ಹರಡಿಕೊಂಡು, ಒಂದೊಂದೇ ಎಲೆ ಬಿಡಿಸುತ್ತ, ಈ ದರಿದ್ರದವಳು ಅವನನ್ನು ಬಿಟ್ಟುಕೊಡುತ್ತಾಳೋ ಏನೋ ಎಂದು ದೋಣಿಯವಳನ್ನು ಬೈಯುತ್ತಿದ್ದರು. ಕಟ್ಟೆಯ ದೃಶ್ಯ ಬಂತು. ದೊಡ್ಡ ಕಲಾವಿದೆಯ ತಿದ್ದಿ ತೀಡಿದ ದನಿಯಲ್ಲಿ ದೋಣಿಯವಳು "ಆಗಾಗ ಬರ್ತಾ ಇರು" ಎಂದಳು. ಬೆನ್ನು ತಿರುಗಿಸಿದಳು.

"ಹೋಗ್ಬೇಡ" ಎಂದಿತು ಟೀವಿ.

ಅದು ಅವಳದೇ ದನಿ. ಸೌಂಡಣ್ಣ ಸ್ಕ್ರಿಪ್ಟಿನಲ್ಲಿದ್ದ ಸಾಲುಗಳನ್ನೆಲ್ಲ ಗುರುತು ಹಾಕಿ ಅಳಿಸಿದ್ದ. ಸ್ಕ್ರಿಪ್ಟಿನಲ್ಲಿಲ್ಲದ ಮಾತಿಗೆ ಅವನೆಲ್ಲಿ ಗುರುತು ಹಾಕಿಯಾನು? ಅಳಿಸುವವರಿಲ್ಲದೆ ಅದು ಉಳಿದುಬಿಟ್ಟಿತ್ತು. ಈಗ ಊರೆಲ್ಲ ಕೇಳಿತು.

ಅಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಟೀವಿಯಲ್ಲಿ ಹೆಸರುಗಳು ಓಡಲು ಶುರುವಾದ ಮೇಲೆ ಕೇಳಿದರು. "ಅದು ನೀನು ಅಲ್ವೇನೆ?"

ಅವಳು ಟೀವಿ ಆರಿಸಿದಳು.

"ಯಾರಿಗೆ ಹೇಳಿದ್ದು?"

ಡಾಕ್ಟರಿಗೆ ಎಂದಳು ಅವಳು, ತಮಾಷೆಯ ಹಾಗೆ. ಆದರೆ ಹೇಳುವಾಗಲೇ ಕಣ್ಣು ತುಂಬಿ ಹರಿಯಿತು. ಅಮ್ಮ ಸೊಪ್ಪನ್ನು ಪಕ್ಕಕ್ಕಿಟ್ಟು, ಅವಳ ತಲೆಯನ್ನು ತೊಡೆಗೆ ಎಳೆದುಕೊಂಡರು. ಟೀವಿಗೆ ಹೇಳಿದರೆ ಅವನಿಗೆ ಮುಟ್ಟುತ್ತದೇನೇ ಹುಚ್ಚಿ, ಕಾಲಿಲ್ಲವೇ ನಿನಗೆ, ಎಂದರು.

ಸೋಮವಾರ ಬೆಳಿಗ್ಗೆ ಅವಳು ಅವನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಬೇಕೆಂದೇ ಕಿತ್ತಳೆ ಕೊಂಡಿದ್ದಳು, ಆದರೂ ಬೆಲ್ ಒತ್ತುವ ಮುಂಚೆ ಎರಡು ಸಲ ಹಿಂದಕ್ಕೆ ತಿರುಗಿದಳು. ಬಾಗಿಲು ತೆರೆದವರು ಅವನ ಅಜ್ಜಿ. ಕಣ್ಣು ಮಂಜು, ಬಾಗಿಲ ಚೌಕಟ್ಟು ತಡವಿಕೊಂಡು ನಿಂತಿದ್ದರು. ನಾನು, ಸ್ಟುಡಿಯೋದಿಂದ, ಎಂದಳು ಇವಳು.

ಅಜ್ಜಿಯ ಮುಖ ಅರಳಿತು. "ನಿನ್ನೆ ಹೋಗ್ಬೇಡ ಅಂದವಳು ನೀನೇ ಅಲ್ವೇನಮ್ಮ? ನಂಗೆ ಟೀವಿ ಕಾಣ್ಸಲ್ಲ, ಕೇಳ್ಸತ್ತೆ ಅಷ್ಟೆ. ಆ ದೋಣಿಯವಳ ಬಾಯಲ್ಲಿ ಇನ್ಯಾರೋ ಬಂದುಹೋದ್ರು ಅಂತ ಆಗ್ಲೇ ಅಂದೆ. ಇವನು ಎದ್ದು ಹೊರಗೆ ಹೋದೋನು ಊಟಕ್ಕೂ ಬರ್ಲಿಲ್ಲ."

ಅವನು ಒಳಕೋಣೆಯ ಬಾಗಿಲಲ್ಲಿದ್ದ. ಮಂಚದ ಮೇಲೆ ಅರ್ಧ ತುಂಬಿದ ಸೂಟ್‌ಕೇಸು, ಮಡಿಸಿಟ್ಟ ಮೆತ್ತಗಿನ ಅಂಗಿಗಳು. ಮಧ್ಯೆ ಗಾಜಿಲ್ಲದೆ ಅವರು ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಅವನ ಕಣ್ಣು ಚೀಲಕ್ಕೆ ಹೋಯಿತು, ಅಲ್ಲೇ ನಿಂತಿತು.

"ಒಂದಿನ ಬನ್ನಿ ಅಂದಿದ್ರಿ" ಎಂದಳು. "ಯಾವತ್ತು ಅಂತ ಕೇಳೋಕೆ ಭಯ ಆಗಿತ್ತು. ಅದಕ್ಕೆ ಕೇಳ್ದೇನೇ ಬಂದ್ಬಿಟ್ಟೆ."

ಅವನು ಮಂಚದ ಮೇಲಿನ ಅಂಗಿಗಳನ್ನು ಪಕ್ಕಕ್ಕೆ ಸರಿಸಿದ.

"ಗೈಡ್ ಅಂದಿದ್ದು ಸುಳ್ಳು. ಕೆಲಸ ಕೈ ಬಿಡಬೇಡಿ ಅಂದಿದ್ದೂ ಸುಳ್ಳು. ಹೋಗ್ಬೇಡ ಅಂದಿದ್ದು ಮಾತ್ರ ನಿಜ. ನಾನು ಹೇಳಿದ್ದು, ನಿಮಗೆ ಹೇಳಿದ್ದು. ನಂಗೆ ನೀವಂದ್ರೆ ಇಷ್ಟ. ಇದರ ಒಳಗೆ ಬೇರೇನೂ ಇಲ್ಲ, ಇಷ್ಟೇ."

ಅವನು ಮಂಚದ ಅಂಚಿನಲ್ಲಿ ಕುಳಿತುಬಿಟ್ಟ. "ನೀವು ಗೈಡ್ ಅಂದ್ರಿ, ನಂಬಿದೆ" ಎಂದ. "ನೀವೇನಂದ್ರೂ ನಂಬ್ತೀನಿ. ಆ ನಂಬಿಕೇಲೇ ಅವರಿಗೆ ಮಾತು ಕೊಟ್ಟೆ. ಮಕ್ಕಳು ಫೋನಲ್ಲಿ ಮಾತಾಡಿದ್ರು. ಯಾವ ಪಾಠ ಮೊದಲು ಓದ್ತೀರಿ ಅಂತ ಕೇಳಿದ್ರು."

ಅವಳು ಗೋಡೆಗೆ ಒರಗಿದಳು. ಕೊಟ್ಟ ಮಾತು ಮುರಿಯಿರಿ ಎಂದು ಕೇಳಬಹುದಿತ್ತು, ಮನಸ್ಸು ಕೇಳೆಂದು ಒದ್ದಾಡಿತು. ಆದರೆ ಜಗತ್ತಿನಲ್ಲಿ ಆಡಿದ ಮಾತನ್ನು ಆಡಿದ ಹಾಗೆ ಉಳಿಸಿಕೊಳ್ಳುವವನು ಒಬ್ಬ ಸಿಕ್ಕಿದ್ದಾನೆ, ಅವನಿಗೆ ಮೊದಲು ಕಲಿಸುವ ಪಾಠ ಅದೇ ಆಗಬೇಕೆ? ಕೇಳಲಿಲ್ಲ. ಬದಲಿಗೆ ಅತ್ತಳು. ಅವನು ಎದ್ದು ಬಂದು, ಏನು ಮಾಡಬೇಕೆಂದು ತೋಚದೆ, ಅವಳ ಕೈಯಿಂದ ಚೀಲ ಇಸಿದುಕೊಂಡ. ಚೀಲದ ಜೊತೆಗೆ ಕೈಯನ್ನೂ ಹಿಡಿದುಕೊಂಡ, ಬಿಡಲಿಲ್ಲ.

ಆಮೇಲೆ ಅವನು ಕಾಫಿ ಮಾಡಿದ. ತಂದಿಟ್ಟು ಎಷ್ಟೋ ದಿನವಾಗಿದ್ದ ಪುಡಿ, ಘಮ ಹೋಗಿತ್ತು. ಅವಳು ಒಂದು ಗುಟುಕು ಕುಡಿದು ಚೆನ್ನಾಗಿದೆ ಎಂದಳು.

"ಬಾಯಿಮಾತಿಗಾ?"

"ಕಲಗಚ್ಚು ಇದ್ದ ಹಾಗಿದೆ" ಎಂದಳು. ಒಳಗಿನಿಂದ ಅಜ್ಜಿ ಗಟ್ಟಿಯಾಗಿ ನಕ್ಕರು. ಮೂವರೂ ಕೂತು ಕಿತ್ತಳೆ ಸುಲಿದು ತಿಂದರು, ಮನೆಯೆಲ್ಲ ಅದರ ವಾಸನೆಯಾಯಿತು.

ಸಂಜೆ ಬಸ್‌ಸ್ಟ್ಯಾಂಡಿಗೆ ಅವಳೂ ಹೋದಳು. ಬಸ್ಸು ಆಗಲೇ ಗುರುಗುಟ್ಟುತ್ತ ನಿಂತಿತ್ತು, ಕಂಡಕ್ಟರು ಬಾಗಿಲು ಬಡಿದು ಅವಸರ ಮಾಡುತ್ತಿದ್ದ. ದಿನಾ ಫೋನ್ ಮಾಡುವುದು, ಅಜ್ಜಿಯನ್ನು ಆಗಾಗ ಬಂದು ನೋಡುವುದು, ಹೇಳಬೇಕಾದ್ದೆಲ್ಲ ಹೇಳಿ ಆಗಿತ್ತು. ಹೇಳದ್ದೂ ಬೇಕಾದಷ್ಟು ಉಳಿದಿತ್ತು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಅವಳತ್ತ ತಿರುಗಿದ. ಗಾಜಿನ ಆಚೆಯಿಂದ ನೋಡುತ್ತಿದ್ದ ಹಾಗೆಯೇ ಅವಳ ತುಟಿಯನ್ನು ನೋಡಿದ.

"ಬರ್ತೀನಿ" ಎಂದ.

ದಿನಾ ಸಂಜೆ ಸ್ಟುಡಿಯೋದಿಂದ ಹೊರಡುವಾಗ ಹೇಳುತ್ತಿದ್ದ ಮಾತೇ. ಹೊರಡುವವರೆಲ್ಲ ಹೇಳುತ್ತಾರೆ, ಉಳಿದವರೆಲ್ಲ ಹೂಂ ಅನ್ನುತ್ತಾರೆ. ಅವಳ ಬಾಯಿಗೂ ಹೂಂ ಎಂದೇ ಬಂತು. ಅದನ್ನು ತಡೆದಳು. ಎಳೆಯ ವಯಸ್ಸಿನಲ್ಲಿ ಎಲ್ಲರೆದುರು ಕೇಳಿ ನಗೆಪಾಟಲಾದ ಆ ಪೆದ್ದು ಪ್ರಶ್ನೆಯನ್ನು ಮತ್ತೆ, ಬಸ್ಸಿನ ಜನರೆಲ್ಲ ನೋಡುತ್ತಿರುವಾಗ, ಕೇಳಿದಳು.

"ಯಾವತ್ತು?"

ಅವನು ನಗಲಿಲ್ಲ. "ಮಕ್ಕಳ ಪರೀಕ್ಷೆ ಮುಗಿದ ಮೊದಲ ಭಾನುವಾರ" ಎಂದ. "ಸಂಜೆ ಏಳಕ್ಕೆ. ನಿಮ್ಮ ಮನೆ ಬಾಗಿಲು ತಟ್ತೀನಿ. ಹಣ್ಣು ನಾನು ತರ್ತೀನಿ."

"ಹೂಂ" ಎಂದಳು ಅವಳು ಆಗ. ಬಸ್ಸು ಹೊರಟಿತು. ಅವನು ಕಿಟಕಿಯಲ್ಲಿ ಕಾಣುವವರೆಗೂ ನೋಡಿ, ಅವಳು ಅಮ್ಮನಿಗೆ ಫೋನ್ ಮಾಡಿದಳು. ಪರೀಕ್ಷೆ ಮುಗಿದ ಮೊದಲ ಭಾನುವಾರ ಊಟಕ್ಕೆ ಒಬ್ಬರು ಬರ್ತಾರೆ, ಎಂದು ಹೇಳಿದಳು.